ರಸ್ತೆಗೆ ಇಳಿದ ಹುಡುಗ ವಿಮಾನ ಹಾರಿಸಬಾರದೇ?

ಕೊಡಗಿನ ಸಿದ್ದಾಪುರ ಕಡೆಯ ತಾಯಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ತೋಟದ ಮೇಲೆ ಸಾಲ ತೆಗೆದು ಮಗನಿಗೆ ಪೈಲಟ್ ತರಬೇತಿ ಕೊಡಿಸಿದ್ದಾರೆ. ಅವನು ಊರಿಗೆ ಬಂದಿದ್ದಾಗ ಪಕ್ಕದ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಕಾರ್ಮಿಕರೊಬ್ಬರನ್ನು ಕಾಡಾನೆ ತುಳಿದು ಕೊಂದಿತು. ಜನ ರಸ್ತೆ ತಡೆದರು. ಇವನೂ ಹೋಗಿ ಕೂತ. ಪೊಲೀಸರು ವ್ಯಾನಿಗೆ ಹತ್ತಿಸಿ, ಸಂಜೆ ಬಿಟ್ಟರು. ಎಫ್‌ಐಆರ್‌ನಲ್ಲಿ ಹೆಸರು ಸೇರಿದೆ. "ಅವನ ಬಿಳಿ ಅಂಗಿ ಇಸ್ತ್ರಿ ಮಾಡುವಾಗ ಕೈ ನಡುಗುತ್ತದೆ. ಇನ್ನು ಯಾವ ಏರ್‌ಲೈನ್ಸ್ ಕೆಲಸ ಕೊಡುತ್ತದೆ? ಅವನನ್ನು ತಡೆಯದ್ದು ನನ್ನದೇ ತಪ್ಪು. ಅಕ್ಕಪಕ್ಕದವರಿಗೂ ಹೇಳಿಲ್ಲ" ಎಂದು ಬರೆದಿದ್ದಾರೆ.

ಅಕ್ಕಾ, ನಿಮ್ಮ ಮಗನ ರೆಕ್ಕೆ ಮುರಿದಿಲ್ಲ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಕೊಡುವ ಪೈಲಟ್ ಲೈಸೆನ್ಸಿಗೆ ಬೇಕಾದ್ದು ಪರೀಕ್ಷೆ ಪಾಸಾಗುವುದು, 200 ಗಂಟೆಯ ಹಾರಾಟ, ಕ್ಲಾಸ್ 1 ಮೆಡಿಕಲ್ ಎಂಬ ಆರೋಗ್ಯ ತಪಾಸಣೆ. ರಸ್ತೆ ತಡೆಯಲ್ಲಿ ಕೂತ ಮಾತ್ರಕ್ಕೆ ಅದು ಹೋಗುವುದಿಲ್ಲ. ತೊಡಕು ಬರುವುದು ಬೇರೆ ಕಡೆ. ವಿಮಾನ ನಿಲ್ದಾಣದೊಳಗೆ ಓಡಾಡಲು ವಿಮಾನಯಾನ ಭದ್ರತೆ ನೋಡಿಕೊಳ್ಳುವ ಬಿಸಿಎಎಸ್‌ನ ಪಾಸ್ ಬೇಕು, ಅದಕ್ಕೆ ಹಿನ್ನೆಲೆ ವಿಚಾರಣೆ ಇದೆ. ಪಾಸ್‌ಪೋರ್ಟ್ ಬೇಕು. ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಅಡ್ಡ ಬರುತ್ತದೆ. ಆಗಲೂ ದಾರಿ ಮುಚ್ಚಿಲ್ಲ. ಕೋರ್ಟಿನ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡಬಹುದು ಎಂದು 1993ರ ಅಧಿಸೂಚನೆಯೇ ಇದೆ. ಬರೀ ಎಫ್‌ಐಆರ್ ಇದ್ದರೆ ಅದು ಕೋರ್ಟಿನಲ್ಲಿ ಬಾಕಿ ಇರುವ ಕೇಸು ಅಲ್ಲ.

ಕಂಪನಿಯವರು ವಿಚಾರಿಸುವುದು ತಪ್ಪು ಎನ್ನಲಾರೆ. ನೂರೆಂಬತ್ತು ಜನರ ಜೀವ ಕೈಗೆ ಕೊಡುವವರು ನಾಲ್ಕು ಮಾತು ಕೇಳಲೇಬೇಕು.

ಆದರೆ ಏನು ಕೇಳುತ್ತಾರೆ ಎನ್ನುವುದನ್ನು ಸರಿಯಾಗಿ ಓದಬೇಕು. ಕೆಲವು ಅರ್ಜಿಗಳಲ್ಲಿ "ಶಿಕ್ಷೆಯಾಗಿದೆಯೇ" ಎಂದಿರುತ್ತದೆ, ಕೆಲವದರಲ್ಲಿ "ಬಂಧನವಾಗಿತ್ತೇ" ಎಂದೇ ಇರುತ್ತದೆ. ಅಮೆರಿಕದ ವೀಸಾ ಅರ್ಜಿ ಬಂಧನವನ್ನೂ ಕೇಳುತ್ತದೆ. ಕೇಳಿದ ಕಡೆ ಹೌದು ಎಂದೇ ಬರೆಯಲಿ, ಕಾರಣವನ್ನೂ ಬರೆಯಲಿ. ನನಗೆ ಗೊತ್ತಿರುವ ಹುಡುಗನೊಬ್ಬ ಇಂಥದೇ ಕೇಸಿನಲ್ಲಿ "ಇಲ್ಲ" ಎಂದು ಟಿಕ್ ಹಾಕಿದ್ದ. ಪೊಲೀಸ್ ವರದಿಯಲ್ಲಿ ಇದ್ದದ್ದು ಬೇರೆ. ಕೆಲಸ ಹೋಯಿತು. ಕಂಪನಿಯವರು ಅವನ ಅಪ್ಪನಿಗೆ ಹೇಳಿದ್ದು ಒಂದೇ ಮಾತು: ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆವು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿಚಾರ ಮಾಡಿತು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು, ಮುಚ್ಚಿಟ್ಟಿದ್ದರೂ, ಕೆಲಸ ಕೊಡುವವರು ಮನ್ನಿಸಬಹುದು ಎಂದಿತು. ಖಾಸಗಿ ಕಂಪನಿಯನ್ನು ಇದು ನೇರವಾಗಿ ಕಟ್ಟಿಹಾಕುವುದಿಲ್ಲ, ನಿಜ. ಆದರೂ ದೇಶದ ದೊಡ್ಡ ಕೋರ್ಟು ಯುವಕರ ಘೋಷಣೆಯನ್ನು ಯಾವ ಕಣ್ಣಿನಿಂದ ನೋಡಿತು ಎನ್ನುವುದು ಸಣ್ಣ ಮಾತಲ್ಲ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಕೋರ್ಟಿನ ವರಾಂಡದಲ್ಲಿ ಯಾರಾದರೂ ಬಂದು "ಯಾಕೆ ಅಲೆದಾಡ್ತೀರಿ, ತಪ್ಪು ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗೀತದೆ" ಎನ್ನುತ್ತಾರೆ. ಕೆಲವು ನೂರು ರೂಪಾಯಿಯ ದಂಡ ಹಗುರ ಅನಿಸುತ್ತದೆ. ಆದರೆ ತಪ್ಪು ಒಪ್ಪಿ ದಂಡ ಕಟ್ಟಿದರೆ ಅದು ಶಿಕ್ಷೆಯೇ. "ಶಿಕ್ಷೆಯಾಗಿದೆಯೇ" ಎಂಬ ಪ್ರಶ್ನೆಗೆ ಆಮೇಲೆ ಜೀವನಪೂರ್ತಿ ಹೌದು ಎನ್ನಬೇಕು. ಒಳ್ಳೆಯ ವಕೀಲರನ್ನು ಹಿಡಿಯಿರಿ. ಬಿ ರಿಪೋರ್ಟ್ (ಸಾಕ್ಷಿ ಇಲ್ಲವೆಂದು ಪೊಲೀಸರೇ ಕೇಸು ಮುಚ್ಚುವ ವರದಿ) ಆಗಲಿ, ಖುಲಾಸೆ ಆಗಲಿ, ಸರ್ಕಾರ ಕೇಸು ವಾಪಸ್ ಪಡೆಯಲಿ, ಆದೇಶದ ದೃಢೀಕೃತ ಪ್ರತಿ ತೆಗೆದಿಡಿ. ಎಫ್‌ಐಆರ್ ಪ್ರತಿಯೂ ಫೈಲಿನಲ್ಲಿ ಇರಲಿ.

ಈಗ ನಿಮ್ಮ ಮೇಲೆ ನನ್ನ ಸಣ್ಣ ಸಿಟ್ಟು. ತಡೆಯದ್ದು ತಪ್ಪು ಎಂದಿರಲ್ಲ, ಆ ಸಾಲು ಓದಿ ಬೇಜಾರಾಯಿತು. ಆನೆ ತುಳಿದು ಸತ್ತವರದ್ದು ನಿಮ್ಮ ತೋಟದಲ್ಲಿ ಕಾಫಿ ಕುಯ್ದ ಕೈ. ಆ ಮನೆಯವರ ಜೊತೆ ಅರ್ಧ ದಿನ ಡಾಂಬರಿನ ಮೇಲೆ ಕೂತ ಹುಡುಗ ಯಾವ ತಪ್ಪು ಮಾಡಿದ? ಮಡಿಕೇರಿಯಲ್ಲಿ ನಾವೆಲ್ಲ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಹೂಮಾಲೆ ಹಾಕುತ್ತೇವೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಹಿಂತಿರುಗಲಿಲ್ಲ, ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ಮಾಲೆ ಸರಿಯೇ. ಆದರೆ ಇದೇ ಮಣ್ಣಿನ ಸಿ. ಎಂ. ಪೂಣಚ್ಚನವರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. 1952ರಲ್ಲಿ ಕೊಡಗು ರಾಜ್ಯದ ಮುಖ್ಯಮಂತ್ರಿಯಾದರು, ಮುಂದೆ ದೇಶದ ರೈಲ್ವೆ ಮಂತ್ರಿಯಾದರು. ಯೋಧರ ಕಥೆ ಹೇಳುವಷ್ಟು ಬಾಯಿ ತುಂಬ ಜೈಲಿಗೆ ಹೋದವರ ಕಥೆಯನ್ನು ಮಕ್ಕಳಿಗೆ ನಾವು ಹೇಳುತ್ತಿಲ್ಲ, ಅಲ್ವಾ?

ಈಚೆಗೆ ಇದೇ ನೋಡುತ್ತಿದ್ದೇನೆ. ಆನೆ ತುಳಿದು ಸತ್ತವರ ಮನೆಗೆ ಎಲ್ಲರೂ ಹೋಗುತ್ತಾರೆ. ಕಚೇರಿ ಮುಂದೆ ಕೂರೋಣ ಎಂದಾಗ ಓದಿದ ಹುಡುಗರು ಸುಮ್ನೆ ಹಿಂದೆ ಸರಿಯುತ್ತಾರೆ. "ಪೊಲೀಸ್ ವೆರಿಫಿಕೇಶನ್ ಇದೆ ಅಂಕಲ್." ಕೊನೆಗೆ ಕೂರುವವರು ಪಾಸ್‌ಪೋರ್ಟ್ ಕನಸೂ ಇಲ್ಲದ ಕೂಲಿಯವರು, ಲಾಠಿ ಏಟು ತಿನ್ನುವವರೂ ಅವರೇ. ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಕೆಲಸದ ಅರ್ಜಿಯ ಒಂದು ಖಾನೆ ಆ ಹಕ್ಕನ್ನು ಓದಿದವರಿಂದ ಕಿತ್ತುಕೊಳ್ಳುತ್ತಿದೆ. ಬಂಧನ ಎಂದರೆ ಪೊಲೀಸರ ಕೆಲಸ, ಅಪರಾಧದ ತೀರ್ಪಲ್ಲ. ಕಂಪನಿಗಳು ಶಿಕ್ಷೆಯ ಬಗ್ಗೆ ಕೇಳಲಿ, ಬಂಧನದ ಪ್ರಶ್ನೆ ಕೈಬಿಡಲಿ.

ಅಕ್ಕಾ, ಕೋರ್ಟಿನ ವಾಯಿದೆ ಬಂದರೆ ಅವನ ಜೊತೆ ನೀವೂ ಹೋಗಿ. ಅಕ್ಕಪಕ್ಕದವರು ಕೇಳಿದರೆ ಎಲ್ಲಿಗೆ ಹೊರಟಿದ್ದೀರಿ ಎಂದು ಹೇಳಿಯೇ ಹೋಗಿ.