ಮೂರು ಥೆರಪಿಸ್ಟ್‌ಗಳನ್ನ ಅರ್ಧಕ್ಕೇ ಬಿಟ್ಟು ಬಂದ ವನಿತಾ

ಹೆಸರು ಮತ್ತೆ ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ. ವನಿತಾ ಅಂತ ಕರೆಯೋಣ. ಮೂವತ್ತೈದರ ಆಸುಪಾಸು, ಮುಂಬೈ ಹತ್ರದ ಡೊಂಬಿವಲಿಯಲ್ಲಿ ಮನೆ, ಮುಂಬೈಯ ಫೋರ್ಟ್ ಕಡೆ ಅಕೌಂಟ್ಸ್ ಕೆಲಸ, ಗಂಡ, ಎರಡು ವರ್ಷದ ಮಗ. ಮಾಟುಂಗದಲ್ಲಿ ನಾನು ಕೂರೋ ಕಡೆ ಬಂದವರೇ ಕೇಳಿದ್ದು ಒಂದೇ, "ಮೇಡಂ, ಕನ್ನಡ ಬರೋ ಒಳ್ಳೆ ಅಟ್ಯಾಚ್‌ಮೆಂಟ್ ಥೆರಪಿಸ್ಟ್ ಯಾರಾದ್ರೂ ಇದ್ರೆ ನಂಬರ್ ಕೊಡಿ." ಅಟ್ಯಾಚ್‌ಮೆಂಟ್ ಅಂದ್ರೆ ಚಿಕ್ಕಂದಿನಿಂದ ನಾವು ಹತ್ತಿರದವರ ಜೊತೆ ಕಟ್ಕೊಳ್ಳೋ ನಂಟು.

ರೀಲ್ಸ್ ನೋಡಿ ನೋಡಿ ತಾವು 'ಆಂಕ್ಷಿಯಸ್', ಅಂದ್ರೆ ಹತ್ತಿರದವರು ಬಿಟ್ಟು ಹೋಗ್ತಾರೇನೋ ಅಂತ ಹೆದರೋ ಥರ ಅಂತ ಅಂದ್ಕೊಂಡಿದ್ರಂತೆ, ಆಮೇಲೆ ಇನ್ನೊಂದು ಕ್ವಿಜ್ ಮಾಡಿದ್ರೆ 'ಅವಾಯ್ಡೆಂಟ್', ಅಂದ್ರೆ ಹತ್ತಿರದವರಿಂದ ತಾವೇ ದೂರ ಸರಿಯೋ ಥರ ಅಂತ ಬಂತು, ಈಗ ಯಾವುದು ಅಂತ ಗೊತ್ತಾಗದೆ ತಲೆ ಕೆಟ್ಟಿದೆ. ಗಂಡ ನವಿ ಮುಂಬೈಯಿಂದ ಬರೋದು ತಡವಾಗಿ ಫೋನೂ ಎತ್ತದೇ ಇದ್ರೆ ಮೊದಲು ಮೇಲಿಂದ ಮೇಲೆ ಕಾಲ್ ಮಾಡ್ತಾರೆ, ಆಮೇಲೆ ಅವರು ಮನೆಗೆ ಬಂದ ಮೇಲೆ ಎರಡು ಮೂರು ದಿನ ಮಾತೇ ಇಲ್ಲ, ಊಟ ಬಡಿಸ್ತಾರೆ, ಟಿಫಿನ್ ಕಟ್ಟಿ ಕೊಡ್ತಾರೆ, ಮುಖ ಮಾತ್ರ ನೋಡಲ್ಲ. ಗಂಡನಿಗೆ ತಾನೇನು ತಪ್ಪು ಮಾಡಿದೆ ಅಂತಾನೇ ಅರ್ಥ ಆಗಲ್ಲ.

ಇದಕ್ಕೆ ಮುಂಚೆ ಮೂರು ಜನರ ಹತ್ರ ಹೋಗಿದ್ರು. ಯಾಕೆ ಬಿಟ್ರಿ ಅಂದ್ರೆ ಒಬ್ಬರು ಸೆಟ್ ಆಗ್ಲಿಲ್ಲ, ಒಬ್ಬರ ಹತ್ರ ಹೋಗೋಕೆ ಟೈಮ್ ಆಗ್ಲಿಲ್ಲ, ಠಾಣೆಯಲ್ಲಿದ್ದ ಮೂರನೆಯವರು ಚೆನ್ನಾಗೇ ಇದ್ರು, ಆದ್ರೆ ಯಾಕೋ ಸಾಕು ಅನ್ನಿಸ್ತು ಅಂದ್ರು. ಇಂಥ ಉತ್ತರ ಕೇಳಿದಾಗ ನಾನು ಕಾರಣ ಕೆದಕೋಕೆ ಹೋಗಲ್ಲ, ಬಿಡೋ ಮುಂಚಿನ ವಾರ ಏನಾಯ್ತು ಅಂತ ಕೇಳ್ತೀನಿ. ಮೊದಲನೆಯವರು ಒಂದು ಸೆಷನ್ ಮುಂದಕ್ಕೆ ಹಾಕಿದ್ರು. ಎರಡನೆಯವರು ಮೆಸೇಜಿಗೆ ಒಂದಿಡೀ ದಿನ ಉತ್ತರ ಕೊಟ್ಟಿರಲಿಲ್ಲ. ಠಾಣೆಯವರು ಮನೆಯ ಮದುವೆಗೆ ಅಂತ ಎರಡು ವಾರ ರಜೆ ಹೋಗಿದ್ರು. ಮೂರೂ ಸಲ ವನಿತಾ ಒಂದು ಮಾತೂ ಹೇಳದೆ ಹೋಗೋದೇ ನಿಲ್ಲಿಸಿದ್ರು. ಹೇಳ್ತಾ ಹೇಳ್ತಾ ಅವರಿಗೇ ಅದು ಹೊಳೆದು ಕೈಯಲ್ಲಿದ್ದ ರೈಲ್ವೆ ಪಾಸ್‌ನ ಕವರ್ ಮಡಚೋದು ಬಿಚ್ಚೋದು ಮಾಡ್ತಾ ಸುಮ್ಮನೆ ಕೂತ್ರು.

ಆಮೇಲೆ ಬಾಲ್ಯದ ಮಾತು ಬಂತು. ಕುಂದಾಪುರದ ಕಡೆಯವರು. ಅಪ್ಪನಿಗೆ ಮುಂಬೈಯಲ್ಲಿ ಕ್ಯಾಂಟೀನ್ ಕೆಲಸ, ಚಾಳಿನ ಒಂದೇ ರೂಮಲ್ಲಿ ಅಪ್ಪ ಅಮ್ಮ ಚಿಕ್ಕಪ್ಪಂದಿರು ಎಲ್ಲ ಇದ್ದಿದ್ದರಿಂದ ಮಗು ಊರಲ್ಲಿ ಅಮ್ಮಮ್ಮನ ಹತ್ರ ಬೆಳೀತು. ಆರು ವರ್ಷ ಆದಾಗ ಶಾಲೆಗೆ ಅಂತ ಮುಂಬೈಗೆ ಕರ್ಕೊಂಡು ಬಂದ್ರು, ಆಗಿನ್ನೂ ಕೊಂಕಣ ರೈಲು ಪೂರ್ತಿ ಓಡ್ತಿರಲಿಲ್ಲ, ಅದು ಪೂರ್ತಿ ಶುರುವಾಗಿದ್ದು 1998ರಲ್ಲಿ, ಹಾಗಾಗಿ ಬಸ್ಸು. ಪೇಟೆಗೆ ಹೋಗಿ ಬಪ್ಪ, ಅಂದ್ರೆ ಬರೋಣ, ಅಂತ ಹೇಳಿ ಹತ್ತಿಸಿದ್ರು, ಅಮ್ಮಮ್ಮ ಹತ್ತಲಿಲ್ಲ. ಮುಂಬೈಯಲ್ಲಿ ಎಲ್ಲರೂ ಹೊಗಳಿದ್ದು ಏನು ಗೊತ್ತಾ, ಹುಡುಗಿ ಎಷ್ಟು ಒಳ್ಳೇದು, ಅಳಲೇ ಇಲ್ಲ ಅಂತ.

ಇಲ್ಲಿ ಸ್ವಲ್ಪ ಥಿಯರಿ ಹೇಳ್ಲೇಬೇಕು. 1952ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಅನ್ನೋರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವಿನ ಮೇಲೆ ಒಂದು ಫಿಲ್ಮ್ ಮಾಡಿದ್ರು, ಆಗ ಆಸ್ಪತ್ರೆಗಳಲ್ಲಿ ತಾಯಿಗೆ ಮಗುವಿನ ಜೊತೆ ಇರೋಕೆ ಬಿಡ್ತಿರಲಿಲ್ಲ. ಅವರೂ ಸೈಕಿಯಾಟ್ರಿಸ್ಟ್ ಜಾನ್ ಬೌಲ್ಬಿಯೂ ಇಂಥ ಮಕ್ಕಳಲ್ಲಿ ಕಂಡಿದ್ದು ಇದು: ಮೊದಲು ಮಗು ಅತ್ತು ರಂಪ ಮಾಡುತ್ತೆ, ಆಮೇಲೆ ಆಸೆ ಬಿಟ್ಟು ಮಂಕಾಗುತ್ತೆ, ಕೊನೆಗೆ ಏನೂ ಬೇಡ ಅನ್ನೋ ಹಾಗೆ ಆರಾಮಾಗಿ ಕಾಣುತ್ತೆ. ನರ್ಸ್‌ಗಳು ಹೊಂದ್ಕೊಂಡಿದೆ ಅಂತಿದ್ರು, ಇವರಿಬ್ಬರು ಅಲ್ಲ ಅಂದ್ರು. ಆಮೇಲೆ ಸೈಕಾಲಜಿಸ್ಟ್ ಮೇರಿ ಏನ್ಸ್‌ವರ್ತ್ ಒಂದು ವರ್ಷದ ಮಕ್ಕಳನ್ನ ತಾಯಿಯಿಂದ ಕೆಲವು ನಿಮಿಷ ಬೇರೆ ಮಾಡಿ, ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತೆ ಅಂತ ನೋಡಿದ್ರು. ತಾಯಿ ಬಂದ್ರೂ ತಿರುಗಿ ನೋಡದ ಮಕ್ಕಳೂ ಇದ್ವು, ಆದ್ರೆ ಮುಂದಿನ ಸ್ಟಡಿಗಳಲ್ಲಿ ಅಳತೆ ಮಾಡಿ ನೋಡಿದಾಗ ಅಂಥ ಮಕ್ಕಳ ಎದೆಬಡಿತ ಏರಿಯೇ ಇತ್ತು. ಮೇಲೆ ಶಾಂತ, ಒಳಗೆ ಅಲ್ಲ.

ಅಪ್ಪ ಅಮ್ಮನ ಮೇಲೆ ತಪ್ಪು ಹೊರಿಸೋದು ಬೇಡ ಅಂತ ವನಿತಾಗೆ ಸ್ಪಷ್ಟವಾಗಿ ಹೇಳಿದೆ. ಮುಂಬೈಗೆ ಬಂದ ನಮ್ಮ ಜನರಲ್ಲಿ ಎಷ್ಟೋ ಮನೆಯ ಕಥೆ ಇದು, ಅಷ್ಟು ಸಣ್ಣ ರೂಮಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲ. ಅಜ್ಜಿ ಹತ್ರ ಬೆಳೆದಿದ್ದೂ ಸಮಸ್ಯೆ ಅಲ್ಲ, ಅಮ್ಮಮ್ಮ ಪ್ರೀತಿಯಿಂದಲೇ ಸಾಕಿದ್ರು, ಅದು ಗಟ್ಟಿ ನಂಟೇ. ಪೆಟ್ಟು ಬಿದ್ದಿದ್ದು ಆ ನಂಟು ಹೇಳದೆ ಕೇಳದೆ ಕಡಿದ ರೀತಿಯಿಂದ, ಆಮೇಲೆ ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೇ ಎತ್ತದೇ ಇದ್ದಿದ್ದರಿಂದ. ಅವತ್ತಿಂದ ಯಾರಾದ್ರೂ ಸ್ವಲ್ಪ ದೂರ ಹೋದ್ರೂ ಅವರು ಬಿಡೋ ಮುಂಚೆ ನಾನೇ ಬಿಟ್ಟುಬಿಡ್ತೀನಿ ಅಂತ ಮನಸ್ಸು ತಯಾರಾಗಿ ಕೂತಿದೆ.

ಅಟ್ಯಾಚ್‌ಮೆಂಟ್ ಆಧಾರಿತ ಥೆರಪಿ ಅಂದ್ರೆ ಬಾಲ್ಯದ ಬಗ್ಗೆ ಮಾತಾಡಿ ಅಳೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಬಾಲ್ಯದ ಮಾತು ಬರುತ್ತೆ, ಇಲ್ಲ ಅಂತಲ್ಲ, ಆದ್ರೆ ನಿಜವಾದ ಕೆಲಸ ನಡೆಯೋದು ಥೆರಪಿಸ್ಟ್ ಮತ್ತೆ ನಿಮ್ಮ ನಡುವೆ ಈಗ ಏನಾಗ್ತಿದೆ ಅನ್ನೋದರಲ್ಲಿ. ಅವರು ರಜೆ ಹೋದ್ರೆ ನಿಮಗೆ ಸಿಟ್ಟು ಬಂತಾ, ಬಂದ್ರೆ ಅದನ್ನ ಅವರ ಎದುರಿಗೇ ಹೇಳೋಕೆ ಆಗುತ್ತಾ, ಹೇಳಿದ ಮೇಲೂ ಅವರು ಮುಂದಿನ ವಾರ ಅದೇ ಟೈಮಿಗೆ ಅಲ್ಲೇ ಇರ್ತಾರಾ. ಇದು ಮತ್ತೆ ಮತ್ತೆ ಆದಾಗ ಒಳಗಿನ ಲೆಕ್ಕ ನಿಧಾನಕ್ಕೆ ಬದಲಾಗುತ್ತೆ. ಹಾಗಾಗಿ ಇದು ನಾಲ್ಕು ಸೆಷನ್‌ನಲ್ಲಿ ಮುಗಿಯೋದಲ್ಲ, ಪ್ರತಿ ವಾರ ಬೇರೆ ಬೇರೆ ಥೆರಪಿಸ್ಟ್ ಸಿಗೋ ಆಪ್‌ನಲ್ಲಂತೂ ಆಗೋದೇ ಇಲ್ಲ.

ಅದಕ್ಕೇ ನಾನು ಹೊಸ ನಂಬರ್ ಕೊಡಲಿಲ್ಲ. ಠಾಣೆಯವರ ಹತ್ರಾನೇ ವಾಪಸ್ ಹೋಗಿ ಅಂದೆ. ಕನ್ನಡ ಬರಲ್ವಲ್ಲ ಅಂದ್ರು. ಭಾಷೆ ಮುಖ್ಯ ಅಂತ ನಾನೂ ನಂಬ್ತೀನಿ, ಅಮ್ಮಮ್ಮನ ಮಾತು ಹಿಂದಿಯಲ್ಲಿ ಬರಲ್ಲ, ಆದ್ರೆ ಆ ಭಾಗವನ್ನ ಕನ್ನಡದಲ್ಲೇ ಹೇಳಿ ಆಮೇಲೆ ಅರ್ಥ ಬಿಡಿಸಿ ಹೇಳಬಹುದು. ಮೂರು ಜನರಲ್ಲಿ ಇವರ ಹತ್ರ ಮಾತ್ರ ಹಗುರ ಆಗ್ತಿತ್ತು ಅಂತ ವನಿತಾನೇ ಹೇಳಿದ್ರು, ನನಗೆ ಅದು ದೊಡ್ಡ ವಿಷಯ. ಮೆಸೇಜ್ ಏನಂತ ಹಾಕ್ಲಿ ಅಂತ ಕೇಳಿದಾಗ ಇಬ್ಬರೂ ಕೂತು ಬರೆದ್ವಿ: "ನೀವು ರಜೆ ಹೋದಾಗ ನನಗೆ ಕಷ್ಟ ಆಯ್ತು, ಅದಕ್ಕೆ ಬರೋದು ನಿಲ್ಲಿಸಿದೆ, ಅದರ ಬಗ್ಗೆ ಮಾತಾಡ್ಬೇಕು."

ಮೊದಲ ಸಲ ಹುಡುಕೋರಿಗೆ ಬೇರೆ ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳ್ಕೊಳ್ಳೋರ ಹತ್ರ ಆರ್‌ಸಿಐ, ಅಂದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು, ನಂಬರ್ ಕೇಳಿ, ಕೇಳೋದು ಅವಮಾನ ಅಲ್ಲ. ಕೌನ್ಸೆಲರ್ ಆದ್ರೆ ಏನು ಓದಿದ್ದಾರೆ, ಈಗಲೂ ಹಿರಿಯರ ಸೂಪರ್‌ವಿಷನ್ ತಗೊಳ್ತಾರಾ, ಅಟ್ಯಾಚ್‌ಮೆಂಟ್ ಕೆಲಸಕ್ಕೆ ಟ್ರೇನಿಂಗ್ ಎಲ್ಲಿ ಆಯ್ತು, ರಜೆ ಹೋಗೋದಾದ್ರೆ ಎಷ್ಟು ಮುಂಚೆ ಹೇಳ್ತಾರೆ ಅಂತ ಕೇಳಿ. ಗಂಡ ಹೆಂಡತಿ ಇಬ್ಬರೂ ಬರ್ತೀವಿ ಅಂದ್ರೆ ಸೈಕಾಲಜಿಸ್ಟ್ ಸೂ ಜಾನ್ಸನ್ ಬೆಳೆಸಿದ ಇಎಫ್‌ಟಿ, ಅಂದ್ರೆ ಇಮೋಷನಲಿ ಫೋಕಸ್ಡ್ ಥೆರಪಿ ಗೊತ್ತಿರೋರನ್ನ ನೋಡಿ. ಓಸಿಡಿ, ಅಂದ್ರೆ ಬೇಡದ ಯೋಚನೆ ಬಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸೋ ಕಾಯಿಲೆ ಇದ್ರೆ ಮೊದಲು ಅದಕ್ಕಂತಾನೇ ಇರೋ ಚಿಕಿತ್ಸೆ ಆಗ್ಬೇಕು, ಸಾಯೋ ಯೋಚನೆ ಬರ್ತಿದ್ರೆ ತಡ ಮಾಡದೆ ಸೈಕಿಯಾಟ್ರಿಸ್ಟ್. ಪ್ರೈವೇಟ್ ಫೀಸ್ ಕೈಗೆಟುಕದಿದ್ರೆ ಕೆಇಎಂ, ಸಾಯನ್ ಥರದ ಮುನಿಸಿಪಲ್ ಆಸ್ಪತ್ರೆಗಳ ಸೈಕಿಯಾಟ್ರಿ ಓಪಿಡಿ ಇದೆ, 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ, ಇದನ್ನ ಮಕ್ಕಳಿರೋರು ದಯವಿಟ್ಟು ಓದಿ. 'ಅಟ್ಯಾಚ್‌ಮೆಂಟ್ ಥೆರಪಿ' ಅನ್ನೋ ಹೆಸರಲ್ಲೇ ವಿದೇಶದಲ್ಲಿ ಮಗುವನ್ನ ಬಲವಂತವಾಗಿ ಅದುಮಿ ಹಿಡಿಯೋ ಪದ್ಧತಿ ನಡೀತಿತ್ತು, 2000ದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಹತ್ತು ವರ್ಷದ ಒಂದು ಹುಡುಗಿ ಅದರಲ್ಲೇ ಉಸಿರುಗಟ್ಟಿ ತೀರಿಹೋದ್ಲು. ನಾನು ಹೇಳ್ತಿರೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಲವಂತ ಮಾಡೋರು ಯಾರೇ ಆಗ್ಲಿ, ಎದ್ದು ಬಂದ್ಬಿಡಿ.

ಹೊರಡೋಕೆ ಎದ್ದು ನಿಂತಾಗ ವನಿತಾ ಕೇಳಿದ್ರು, ನನ್ನ ಮಗನಿಗೂ ಹಿಂಗೇ ಆಗುತ್ತಾ ಅಂತ. ಇಷ್ಟು ಹೊತ್ತೂ ಅವರನ್ನ ಕೊರೀತಿದ್ದ ಭಯ ಇದೇ ಅಂತ ಆಗ ನನಗೆ ಗೊತ್ತಾಯ್ತು. ಹಣೆಬರಹ ಅಲ್ಲ ಇದು. ಸೈಕಾಲಜಿಸ್ಟ್ ಮೇರಿ ಮೇನ್ ಮತ್ತೆ ಜೊತೆಗಾರರು ದೊಡ್ಡವರ ಜೊತೆ ಬಾಲ್ಯದ ಬಗ್ಗೆ ಉದ್ದದ ಸಂದರ್ಶನ ಮಾಡಿ ಕಂಡುಕೊಂಡಿದ್ದು ಇದೇ: ಕಷ್ಟದ ಬಾಲ್ಯ ಕಂಡವರೂ ಅದನ್ನ ಮುಚ್ಚಿಡದೆ, ಅದರಲ್ಲೇ ಮುಳುಗದೆ, ಇದ್ದಿದ್ದನ್ನ ಇದ್ದ ಹಾಗೆ ಹೇಳೋಕೆ ಕಲಿತಿದ್ರೆ ಅವರ ಮಕ್ಕಳು ಅವರ ಹತ್ರ ನೆಮ್ಮದಿಯಾಗಿ ಇರೋ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಮಾಡೋಕೆ ಒಂದೇ ಕೆಲಸ ಹೇಳಿದೆ, ಆಫೀಸಿಗೆ ಹೋಗೋವಾಗ ಮಗನ ಕಣ್ಣು ತಪ್ಪಿಸಿ ಹೋಗ್ಬೇಡಿ, ಅವನು ಅತ್ರೂ ಪರವಾಗಿಲ್ಲ, ಹೇಳೇ ಹೋಗಿ, ಸಂಜೆ ಬಂದ ತಕ್ಷಣ ಎತ್ಕೊಳ್ಳಿ.

ವನಿತಾ ವಾಪಸ್ ಹೋದ್ರು. ಮೊದಲ ಸೆಷನ್‌ನಲ್ಲಿ ಮುಕ್ಕಾಲು ಹೊತ್ತು ಎಲ್ಲ ಚೆನ್ನಾಗಿದೆ ಅಂತಾನೇ ಹೇಳಿ, ಕೊನೆಗೆ ರಜೆ ವಿಷಯ ತೆಗೆದು ಸಿಟ್ಟು ಮಾಡಿದ್ರಂತೆ, ಥೆರಪಿಸ್ಟ್ ಪೂರ್ತಿ ಕೇಳಿದ್ರಂತೆ. ಥೆರಪಿಸ್ಟ್ ಡಿಸೆಂಬರ್‌ನಲ್ಲಿ ಮತ್ತೆ ರಜೆ ಹೋಗೋರಿದ್ದಾರೆ, ಆ ವಾರಗಳಲ್ಲಿ ಕಷ್ಟ ಆದ್ರೆ ಏನು ಮಾಡೋದು ಅಂತ ಇಬ್ಬರೂ ಈಗಲೇ ಮಾತಾಡಿ ಇಟ್ಕೊಂಡಿದ್ದಾರೆ.