ಟೂರ್ನಿ ಮಾಡಿ, ನಾಕೌಟ್ ಬೇಡ

ಎರಡು ವರ್ಷದಿಂದ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತಿದ್ದೀರಿ. ಇರುವ ಮಕ್ಕಳು ಚೆನ್ನಾಗಿ ಆಡುತ್ತಾರೆ, ಆದರೆ ಹೊಸಬರು ಬರುತ್ತಿಲ್ಲ. ಕೈಲಿರುವ ದುಡ್ಡನ್ನು ಜಾಹೀರಾತಿಗೆ ಹಾಕಲೋ, ದೊಡ್ಡ ಟ್ರೋಫಿ ಇಟ್ಟು, ಸೋತವರು ಅಲ್ಲಿಗೇ ಹೊರಬೀಳುವ ಒಂದು ನಾಕೌಟ್ ಟೂರ್ನಿ ಮಾಡಲೋ ಅಂತ ಕೇಳಿದ್ದೀರಿ.

ಟೂರ್ನಿ ಮಾಡಿ. ಟ್ರೋಫಿ ಚಿಕ್ಕದಿದ್ದರೂ ನಡೆಯುತ್ತೆ. ನಾಕೌಟ್ ಮಾತ್ರ ಬೇಡ.

ಸುಮ್ನೆ ಲೆಕ್ಕ ಹಾಕಿ ನೋಡಿ. 16 ಮಕ್ಕಳ ನಾಕೌಟಲ್ಲಿ ಮೊದಲ ಸುತ್ತು ಮುಗಿದ ಕೂಡಲೇ 8 ಮಕ್ಕಳು ಬ್ಯಾಗ್ ಹೆಗಲಿಗೇರಿಸುತ್ತಾರೆ. ರಜೆ ದಿನ ಬೇಗ ಎದ್ದು, ಮಗುವನ್ನು ಹೊರಡಿಸಿಕೊಂಡು ಬಂದ ಅಪ್ಪ ಅಮ್ಮ ಇಪ್ಪತ್ತು ನಿಮಿಷದ ಆಟ ನೋಡಿ ವಾಪಸ್. ಅವರು ನಾಲ್ಕು ಜನರ ಹತ್ತಿರ ನಿಮ್ಮ ಬಗ್ಗೆ ಏನು ಹೇಳುತ್ತಾರೆ, ನೀವೇ ಊಹಿಸಿ. ಅದೇ ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಗುಂಪಿನೊಳಗೆ ಎಲ್ಲರೂ ಎಲ್ಲರ ಜೊತೆ ಒಮ್ಮೆ ಆಡಿದರೆ ಗುಂಪಿನ ಪಂದ್ಯಗಳು 24, ಗುಂಪಿಗೆ ಇಬ್ಬರಂತೆ ಕ್ವಾರ್ಟರ್ ಫೈನಲ್‌ನಿಂದ ಮುಂದಕ್ಕೆ 7, ಒಟ್ಟು 31. ಎಲ್ಲದರಲ್ಲೂ ಸೋತ ಮಗುವಿಗೂ ಮೂರು ಪಂದ್ಯ ಗ್ಯಾರಂಟಿ. ಪಂದ್ಯಕ್ಕೆ 21 ಪಾಯಿಂಟಿನ ಒಂದೇ ಗೇಮ್ ಇಟ್ಟು 20 ನಿಮಿಷ ಹಿಡಿಯಿರಿ, ನಾಲ್ಕು ಕೋರ್ಟಿದ್ದರೆ ಮೂರು ಗಂಟೆ. ತಡವಾಗೋದು ಸೇರಿಸಿ ನಾಲ್ಕು ಅಂತಿಟ್ಟುಕೊಳ್ಳಿ.

ತೀರಾ ಚಿಕ್ಕವರಿಗೆ ಟ್ರೋಫಿಯನ್ನೇ ಬಿಟ್ಟುಬಿಡಬಹುದು. ನಾರ್ವೆಯಲ್ಲಿ ಮಕ್ಕಳ ಕ್ರೀಡೆಗೆ 1987ರಿಂದ ಪ್ರತ್ಯೇಕ ನಿಯಮಗಳಿವೆ. ಮಗುವಿಗೆ 11 ತುಂಬುವ ವರ್ಷದ ತನಕ ಅಲ್ಲಿ ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಎರಡೂ ಇಲ್ಲ. ಹಾಗಂತ ಆ ದೇಶ ಆಟದಲ್ಲಿ ಹಿಂದೆ ಬಿದ್ದಿಲ್ಲ, ಅಲ್ವಾ?

ಇನ್ನು ಹೆತ್ತವರ ಜೊತೆಗಿನ ಬಾಂಧವ್ಯದ ವಿಷಯ. ಟೂರ್ನಿ ದಿನ ನೀವು ಆಫೀಸ್ ಮೇಜಿನ ಹಿಂದೆ ಕೂರಬೇಡಿ. ಸ್ಕೋರು ಬರೆಯೋದು, ಅಂಪೈರಿಂಗ್ ಎಲ್ಲ ನಿಮ್ಮ ದೊಡ್ಡ ಮಕ್ಕಳಿಗೆ ವಹಿಸಿ, ಅವರೂ ಕಲಿಯುತ್ತಾರೆ. ನೀವು ಸೋತು ಬಂದ ಮಗುವಿನ ಪಕ್ಕ ನಿಲ್ಲಿ. ‘ಬ್ಯಾಕ್‌ಹ್ಯಾಂಡ್ ಕಡೆ ಬಂದ ಶಟಲ್‌ಗೆ ಕಾಲು ತಡವಾಗುತ್ತಿದೆ, ಅದು ಸರಿಹೋದರೆ ಇವನ ಆಟವೇ ಬೇರೆ’ ಅಂತ ಅಪ್ಪನ ಎದುರಿಗೇ ಒಂದು ಮಾತು ಹೇಳಿ, ಅಲ್ಲಿಗೆ ಬಿಡಿ. ‘ನಮ್ಮಲ್ಲಿ ಸೇರಿಸಿ’ ಅನ್ನಬೇಡಿ. ಅವರೇ ಕೇಳುತ್ತಾರೆ, ಕೇಳದಿದ್ದರೂ ಆ ಮಾತನ್ನು ಮರೆಯೋದಿಲ್ಲ. ಅವರಿಗೆ ಹೇಳಬೇಕಾದ್ದು ಇನ್ನೊಂದಿದೆ. ಹುಟ್ಟಿದ ವರ್ಷ ನೋಡಿ ವಯಸ್ಸಿನ ವಿಭಾಗ ಮಾಡಿದಾಗ ಜನವರಿ ಮಗು ಡಿಸೆಂಬರ್ ಮಗುವಿಗಿಂತ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡದು. ಹತ್ತರ ವಯಸ್ಸಲ್ಲಿ ಅದು ಜಾಸ್ತಿನೇ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಆಯ್ಕೆಯಾಗುತ್ತಾರೆ ಅನ್ನೋದನ್ನು 1985ರಲ್ಲೇ ಸಂಶೋಧಕರು ತೋರಿಸಿದ್ದರು. ಡಿಸೆಂಬರಲ್ಲಿ ಹುಟ್ಟಿ ಸೋತ ಮಗುವಿನ ಅಮ್ಮನಿಗೆ ಇದನ್ನು ಹೇಳಿ ನೋಡಿ, ಅವರ ಮುಖವೇ ಬದಲಾಗುತ್ತೆ.

ಬೇರೆ ಕೋಚ್‌ಗಳ ಮಕ್ಕಳಿಗೆ ಗಾಳ ಹಾಕಬೇಡಿ. ಇದೊಂದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಒಬ್ಬ ಕೋಚ್ ನಂಬಿ ಹತ್ತು ಮಕ್ಕಳನ್ನು ಕರೆತಂದಾಗ ಅವರಲ್ಲಿ ಒಬ್ಬನನ್ನು ನೀವು ಸೆಳೆದುಕೊಂಡರೆ ಮುಂದಿನ ಸಲ ಆ ಹತ್ತೂ ಇಲ್ಲ, ಆ ಕೋಚ್‌ನ ಸ್ನೇಹಿತರ ಮಕ್ಕಳೂ ಇಲ್ಲ. ಡ್ರಾ, ಅಂದರೆ ಯಾರು ಯಾವ ಗುಂಪು ಅನ್ನೋ ಚೀಟಿ, ಎಲ್ಲರ ಎದುರಿಗೇ ಎತ್ತಿ. ನಿಮ್ಮ ಮಕ್ಕಳೆಲ್ಲ ಸುಲಭದ ಗುಂಪಿಗೆ ಬಿದ್ದರೆ, ಅದು ನಿಜವಾಗಲೂ ಅದೃಷ್ಟವೇ ಆಗಿದ್ದರೂ ಯಾರೂ ನಂಬಲ್ಲ. ಆ ಕೋಚ್‌ಗಳು ಟೂರ್ನಿ ಮಾಡಿದಾಗ ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ. ಶಾಲೆಗಳ ಪಿಟಿ ಮೇಷ್ಟ್ರುಗಳನ್ನು ಮೊದಲೇ ಕಂಡು ಮಾತಾಡಿ. ಹೊಸದಾಗಿ ಆಟ ಶುರುಮಾಡುವ ಮಕ್ಕಳು ಸಿಗೋದು ಅವರಿಂದಲೇ, ಅಕಾಡೆಮಿಗಳಿಂದಲ್ಲ.

ಪ್ರವೇಶ ಶುಲ್ಕದಿಂದ ಖರ್ಚು ಸರಿದೂಗಿದರೆ ಸಾಕು, ಲಾಭ ನೋಡಬೇಡಿ. ಮಕ್ಕಳ ಫೋಟೊ ಹಾಕುವ ಮುನ್ನ ಹೆತ್ತವರ ಒಪ್ಪಿಗೆ ತಗೊಳ್ಳಿ. ಜಾಹೀರಾತಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಶಟಲ್ ಕೊಳ್ಳಿ, 31 ಪಂದ್ಯಕ್ಕೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ ಬೇಕಾಗುತ್ತೆ.