ಕೆಲಸ ಹೋಯ್ತು, ಬಾಡಿಗೆ ಕರಾರು ಇನ್ನೂ ಆರು ತಿಂಗಳಿದೆ: ಅಡ್ವಾನ್ಸ್ ಬಿಟ್ಟು ಹೋಗಬೇಕಾ?

ಪ್ರಶ್ನೆ: ನಾವು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಯಜಮಾನರು ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದರು. ಎರಡು ತಿಂಗಳ ಹಿಂದೆ ಕೆಲಸ ಹೋಯಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅದು ಹಾಲಿಗೆ, ತರಕಾರಿಗೆ ಸರಿಹೋಗುತ್ತದೆ. ಬಾಡಿಗೆ 9,000, ಅಡ್ವಾನ್ಸ್ 60,000. ನನ್ನ ಹೆಸರಲ್ಲೇ 11 ತಿಂಗಳ ಕರಾರು ಆಗಿದೆ, ಐದು ತಿಂಗಳು ಮುಗಿದಿದೆ. ಹೋದ ತಿಂಗಳ ಬಾಡಿಗೆ ಬಾಕಿ ಇದೆ. ಮಧುಗಿರಿ ಹತ್ತಿರ ನನ್ನ ತವರಿಗೆ ಹೋಗಿಬಿಡೋಣ ಅಂದುಕೊಂಡಿದ್ದೇವೆ. ಓನರ್ ಹತ್ತಿರ ಹೇಳಿದರೆ, ‘ಅವಧಿಗೆ ಮುಂಚೆ ಖಾಲಿ ಮಾಡಿದರೆ ಅಡ್ವಾನ್ಸ್ ವಾಪಸ್ ಇಲ್ಲ ಅಂತ ಬರೆದಿದೆ, ಓದಿಕೊಳ್ಳಿ’ ಅಂದರು. ನೋಡಿದರೆ ಹಾಗೇ ಬರೆದಿದೆ. ಅಷ್ಟೂ ದುಡ್ಡು ಹೋಗುತ್ತದಾ? ಸುಮ್ನೆ ಸಾಮಾನು ತುಂಬಿಕೊಂಡು ಹೊರಟುಬಿಡೋಣ ಅನ್ನುತ್ತಾರೆ ಯಜಮಾನರು.
— ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಯಜಮಾನರ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಹಾಗೆ ಹೊರಡಬೇಡಿ. ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬಂದಿದ್ದ ಒಂದು ಕುಟುಂಬ ಹೀಗೇ ಮಾಡಿತ್ತು. ನಾಚಿಕೆಗೆ ಅಂಜಿ, ಬೆಳಗಿನ ಜಾವ ಟಾಟಾ ಏಸ್‌ನಲ್ಲಿ ಸಾಮಾನು ಹಾಕಿಕೊಂಡು, ಕೀ ಕಿಟಕಿ ಸರಳಿಗೆ ಕಟ್ಟಿ ಊರಿಗೆ ಹೋಗಿದ್ದರು. ಮೂರು ತಿಂಗಳಾದ ಮೇಲೆ ಅಡ್ವಾನ್ಸ್ ಕೇಳಿದರೆ ಓನರ್ ಹೇಳಿದ್ದು ಒಂದೇ ಮಾತು: ‘ನೀವು ಖಾಲಿ ಮಾಡಿದ್ದು ನನಗೆ ಹೇಗೆ ಗೊತ್ತು? ಕೀ ನನ್ನ ಕೈಗೆ ಯಾವಾಗ ಕೊಟ್ಟಿರಿ?’ ಆ ಮೂರು ತಿಂಗಳ ಬಾಡಿಗೆಯೂ ಅವರ ತಲೆಗೇ ಬಂತು. ಕೀ ಕೈಗೆ ಕೊಟ್ಟು, ಕೊಟ್ಟಿದ್ದಕ್ಕೆ ಒಂದು ಸಾಲು ಬರೆಸಿಕೊಂಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಈಗ ಕಹಿ ವಿಷಯ. ಕಷ್ಟ ಬಂತು ಅನ್ನುವುದೊಂದೇ ಕಾರಣಕ್ಕೆ ಕರಾರು ಬಿಟ್ಟು ಹೋಗಬಹುದು ಅಂತ ನಮ್ಮ ಕಾನೂನು ಹೇಳುವುದಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಅಂಗಡಿ ಮುಚ್ಚಿ ಕೂತಿದ್ದ ಬಾಡಿಗೆದಾರರು ದೆಹಲಿ ಹೈಕೋರ್ಟಿಗೆ ಹೋದಾಗಲೂ ಬಾಡಿಗೆ ಮಾಫಿ ಆಗಲಿಲ್ಲ. ಕಟ್ಟಲು ಸ್ವಲ್ಪ ಸಮಯ ಸಿಕ್ಕಿತು, ಅಷ್ಟೇ. ಹಾಗಾಗಿ ‘ನಮಗೆ ಕಷ್ಟ’ ಅನ್ನುವುದನ್ನು ಓನರ್ ಮನಸ್ಸಿಗೆ ಮುಟ್ಟುವಂತೆ ಹೇಳಿ. ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ನಿಮ್ಮ ಕೈಯಲ್ಲಿ ಬೇರೆ ಬಲ ಇದೆ.

ಕರಾರು ಪತ್ರವನ್ನು ಮತ್ತೊಮ್ಮೆ ತೆಗೆಯಿರಿ, ಒಂದೊಂದೇ ಸಾಲು ಓದಿ. ನಮ್ಮ ಕಡೆ ಈ ಪತ್ರಗಳು ಹೇಗೆ ಆಗುತ್ತವೆ ನೋಡಿದ್ದೀರಲ್ಲ. ಸ್ಟಾಂಪ್ ಪೇಪರ್ ಅಂಗಡಿಯವರ ಕಂಪ್ಯೂಟರ್‌ನಲ್ಲಿ ಒಂದು ನಮೂನೆ ಇರುತ್ತದೆ. ಹೆಸರು, ಬಾಡಿಗೆ, ಅಡ್ವಾನ್ಸ್ ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. ಹೀಗಾಗಿ ಒಂದು ಕಡೆ ‘ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸ್ ಇಲ್ಲ’ ಅಂತಿದ್ದರೆ, ಇನ್ನೊಂದು ಕಡೆ ‘ಉಭಯತ್ರರೂ ಒಂದು ತಿಂಗಳ ಮುಂಚೆ ತಿಳಿಸಿ ಖಾಲಿ ಮಾಡಬಹುದು’ ಅಂತಲೂ ಇರುತ್ತದೆ. ನಾನು ಓದುವ ಪತ್ರಗಳಲ್ಲಿ ಈ ಎರಡೂ ಒಟ್ಟಿಗೆ ಇರುವುದೇ ಜಾಸ್ತಿ. ಆ ಎರಡನೇ ಸಾಲು ನಿಮ್ಮದರಲ್ಲೂ ಇದ್ದರೆ ನಿಮ್ಮ ದಾರಿ ಅರ್ಧ ಸಲೀಸು. ಅದರ ಪ್ರಕಾರ ನೋಟಿಸ್ ಕೊಟ್ಟು ಹೊರಡುವವರು ಕರಾರು ಮುರಿದಂತೆ ಆಗುವುದಿಲ್ಲ.

ಆ ಸಾಲು ಇಲ್ಲದಿದ್ದರೂ 60,000 ಪೂರ್ತಿ ಹೋಗುವುದಿಲ್ಲ. ಅಡ್ವಾನ್ಸ್ ನಿಮ್ಮ ದುಡ್ಡು, ಓನರ್ ಹತ್ತಿರ ಭದ್ರತೆಗೆ ಇಟ್ಟಿದ್ದೀರಿ. ಭಾರತೀಯ ಕರಾರು ಕಾಯ್ದೆ 1872ರ 74ನೇ ಕಲಂ ಇಲ್ಲಿ ನಿಮ್ಮ ಪರ ನಿಲ್ಲುತ್ತದೆ. ಕರಾರು ಮುರಿದವರು ಇಂತಿಷ್ಟು ದಂಡ ಕೊಡಬೇಕು ಅಂತ ಪತ್ರದಲ್ಲಿ ಬರೆದಿದ್ದರೂ, ಎದುರಿನವರಿಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. ಅಷ್ಟೂ ಕೊಡಲೇಬೇಕು ಅಂತ ಅಲ್ಲ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಓನರಿಗೆ ಆಗುವ ನಷ್ಟ ಒಂದು ತಿಂಗಳ ಬಾಡಿಗೆ. ಆರು ತಿಂಗಳದ್ದು ಹೇಗಾಗುತ್ತದೆ? ಇನ್ನೂ ಒಂದು ಮಾತು. ನಷ್ಟ ಕಡಿಮೆ ಮಾಡಿಕೊಳ್ಳುವ ದಾರಿ ಇತ್ತೇ ಅನ್ನುವುದನ್ನೂ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ಟು-ಲೆಟ್’ ಬೋರ್ಡ್ ಕೂಡ ಹಾಕದೆ ಮನೆ ಖಾಲಿ ಇಟ್ಟುಕೊಂಡು ನಿಮ್ಮ ಅಡ್ವಾನ್ಸಿನಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಲು ಆಗುವುದಿಲ್ಲ.

ಲೆಕ್ಕ ಹಾಕೋಣ. ಬಾಕಿ ಬಾಡಿಗೆ 9,000, ನೋಟಿಸ್ ತಿಂಗಳದ್ದು 9,000. ಒಟ್ಟು 18,000. ಪೇಂಟಿಂಗಿಗೆ ಅಂತ ಕರಾರಿನಲ್ಲಿ ಬರೆದಿದ್ದರೆ, 6,000 ಅಂದುಕೊಳ್ಳಿ. ಉಳಿಯುವುದು 36,000. ಇದು ನೀವು ಕೇಳಬೇಕಾದ ಮೊತ್ತ. ಮಾತುಕತೆಯಲ್ಲಿ ಇನ್ನೂ ಒಂದು ತಿಂಗಳು ಬಿಟ್ಟುಕೊಡಬೇಕಾಗಿ ಬಂದರೆ 27,000ಕ್ಕೆ ನಿಲ್ಲಿ. ಅದಕ್ಕಿಂತ ಕೆಳಗೆ ಇಳಿಯಬೇಡಿ ಅಂತ ನನ್ನ ಸಲಹೆ. ಗೋಡೆ ಮಾಸಿದೆ, ನಲ್ಲಿ ಸವೆದಿದೆ ಅಂತ ಸಾವಿರ ಸಾವಿರ ಸೇರಿಸಲು ಬಂದರೆ ಒಪ್ಪಬೇಡಿ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರರು ಹೊಣೆ ಅಲ್ಲ ಅಂತ ಸ್ವತ್ತು ವರ್ಗಾವಣೆ ಕಾಯ್ದೆ 1882ರಲ್ಲೇ ಇದೆ. ಒಡೆದ ಸಿಂಕು, ಮುರಿದ ಬಾಗಿಲು ಬೇರೆ ಮಾತು.

ಬಾಯಲ್ಲಿ ಹೇಳಿದ್ದು ಸಾಲದು. ಇವತ್ತೇ ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆಯಿರಿ:

“ಮಾನ್ಯರೇ, ನಮ್ಮ ಯಜಮಾನರ ಕೆಲಸ ಹೋಗಿರುವುದರಿಂದ ಬಾಡಿಗೆ ಕಟ್ಟಲು ಆಗುತ್ತಿಲ್ಲ. ಇಂದಿನಿಂದ ಒಂದು ತಿಂಗಳ ನೋಟಿಸ್ ಕೊಡುತ್ತಿದ್ದೇನೆ. ಅಷ್ಟರೊಳಗೆ ಮನೆ ನೋಡಲು ಯಾರನ್ನು ಕರೆತಂದರೂ ತೋರಿಸುತ್ತೇವೆ. ಬಾಕಿ ಇರುವ ಒಂದು ತಿಂಗಳ ಬಾಡಿಗೆ ಮತ್ತು ನೋಟಿಸ್ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು, ಉಳಿದ ಹಣವನ್ನು ಕೀ ಒಪ್ಪಿಸುವ ದಿನ ಕೊಡಬೇಕಾಗಿ ವಿನಂತಿ.”

ದಿನಾಂಕ ಹಾಕಿ, ಸಹಿ ಮಾಡಿ. ಅದರ ಫೋಟೋ ವಾಟ್ಸ್ಆಪ್‌ನಲ್ಲಿ ಕಳಿಸಿ, ಮೂಲ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಓನರ್ ಕೆಳಗಿನ ಮನೆಯಲ್ಲೇ ಇದ್ದರೂ ಪೋಸ್ಟ್ ಮಾಡಿ. ‘ಮುರಿದುಕೊಳ್ಳಿ’ ಅನ್ನುವುದನ್ನು ವಿನಂತಿಯಾಗಿಯೇ ಬರೆಯಿರಿ. ಅವರು ಒಪ್ಪದೆ ನೀವೇ ಬಾಡಿಗೆ ನಿಲ್ಲಿಸಿದರೆ, ಕಟ್ಟಲಿಲ್ಲ ಅನ್ನುವ ತಪ್ಪು ನಿಮ್ಮ ಮೇಲೆ ಬರುತ್ತದೆ.

ಸಾಧ್ಯವಾದರೆ ಹೊಸ ಬಾಡಿಗೆದಾರರನ್ನು ನೀವೇ ಹುಡುಕಿ ಕೊಡಿ. ನಿಮ್ಮ ಹತ್ತಿರ ಬ್ಲೌಸ್ ಹೊಲಿಸಲು ಬರುವವರಿಗೆಲ್ಲ ಹೇಳಿ. ಎಷ್ಟೋ ಓನರ್‌ಗಳು ಅಡ್ವಾನ್ಸ್ ದುಡ್ಡನ್ನು ಬೋರ್‌ವೆಲ್‌ಗೋ ಮಗಳ ಮದುವೆಗೋ ಹಾಕಿರುತ್ತಾರೆ. ವಾಪಸ್ ಕೊಡಲು ಅವರಿಗೂ ಮುಂದಿನವರ ಅಡ್ವಾನ್ಸೇ ಗತಿ. ಇದನ್ನು ಅರ್ಥ ಮಾಡಿಕೊಂಡು ಮಾತಾಡಿದರೆ ಕೆಲಸ ಬೇಗ ಆಗುತ್ತದೆ.

ಕೀ ಕೊಡುವ ದಿನ ಕರೆಂಟ್ ಮೀಟರಿನ ಫೋಟೋ, ಪ್ರತಿ ಕೋಣೆಯ ವಿಡಿಯೋ ತೆಗೆಯಿರಿ. ಕರಾರಿನ ಹಿಂಬದಿಯಲ್ಲೇ ‘ಇಂದು ಕೀ ಪಡೆದಿದ್ದೇನೆ, ಇಷ್ಟು ಹಣ ಕೊಟ್ಟಿದ್ದೇನೆ’ ಅಂತ ಓನರ್ ಸಹಿ ಹಾಕಿಸಿಕೊಳ್ಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಆ ಮನೆಯ ಮೀಟರಿಗೆ ಜೋಡಣೆ ಆಗಿದ್ದರೆ ಸೇವಾ ಸಿಂಧುವಿನಲ್ಲಿ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ಇನ್ನೊಂದು ಬಾಡಿಗೆ ಮನೆ ಹಿಡಿದಾಗ ನಿಮಗೇ ತೊಂದರೆ.

ಓನರ್ ಜಗ್ಗದಿದ್ದರೆ? ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ. ಕರಾರು ನಿಮ್ಮ ಹೆಸರಲ್ಲಿ ಇರುವುದು ಇಲ್ಲಿ ಅನುಕೂಲವಾಯಿತು, ಅರ್ಜಿ ನೀವೇ ಕೊಡಬಹುದು. ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಲು ಅವಕಾಶ ಇದೆ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಮೊದಲು ಫೋನಿನಲ್ಲಿ ವಿಚಾರಿಸುವುದಾದರೆ 15100ಕ್ಕೆ ಕರೆ ಮಾಡಿ. ದುಡ್ಡು ವಸೂಲಿಗೆ ದಾವೆ ಹಾಕಲು ಮೂರು ವರ್ಷ ಕಾಲಾವಕಾಶ ಇರುತ್ತದೆ. ಹಾಗಂತ ತಡ ಮಾಡಬೇಡಿ. ಅಷ್ಟರಲ್ಲಿ ಅವರು ಸಿಟ್ಟಿನಿಂದ ನಿಮ್ಮ ಮನೆಗೆ ತಮ್ಮ ಬೀಗ ಹಾಕಿದರೆ ಅದು ತಪ್ಪು. ಪೊಲೀಸರಿಗೆ ದೂರು ಕೊಡಿ. ಕಾನೂನು ಕ್ರಮ ಇಲ್ಲದೆ ಹೊರಹಾಕಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೂ ಹೋಗಬಹುದು.

ಬೇರೆ ಓದುಗರಿಗೆ ಒಂದು ಮಾತು. ಪತ್ರವೇ ಇಲ್ಲದೆ ತಿಂಗಳ ಬಾಡಿಗೆಗೆ ಇರುವವರು 15 ದಿನದ ನೋಟಿಸ್ ಕೊಟ್ಟು ಬಿಡಬಹುದು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ಬರೆದು ರಿಜಿಸ್ಟರ್ ಮಾಡಿಸದೇ ಇದ್ದರೆ ಸಾಮಾನ್ಯವಾಗಿ ಅದೂ ತಿಂಗಳ ಬಾಡಿಗೆಯ ಲೆಕ್ಕಕ್ಕೇ ಬರುತ್ತದೆ.

ಪ್ರಶ್ನೆ: ಚಿಂತಾಮಣಿಯಲ್ಲಿ 5 ಲಕ್ಷಕ್ಕೆ ಮೂರು ವರ್ಷ ಅಂತ ಮನೆ ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ. 14 ತಿಂಗಳಾಗಿದೆ. ನಮ್ಮ ತಂದೆ ಆಪರೇಷನ್‌ಗೆ ದುಡ್ಡು ಬೇಕು. ‘ಅವಧಿ ಮುಗಿಯಲಿ’ ಅನ್ನುತ್ತಾರೆ ಓನರ್. ಏನು ಮಾಡಲಿ?
— ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರು

ಉತ್ತರ: ಮಧ್ಯದಲ್ಲೇ ವಾಪಸ್ ಕೊಡಬೇಕು ಅಂತ ಪತ್ರದಲ್ಲಿ ಬರೆದಿಲ್ಲದಿದ್ದರೆ ಓನರನ್ನು ಬಲವಂತ ಮಾಡಲು ಆಗುವುದಿಲ್ಲ. ಆದರೆ ಎರಡು ದಾರಿ ಇವೆ.

ಮನೆ ಬಿಡಲು ಸಿದ್ಧ ಇದ್ದರೆ ಹೊಸ ಭೋಗ್ಯದ ಪಾರ್ಟಿಯನ್ನು ನೀವೇ ಕರೆತನ್ನಿ. ಅವರ ದುಡ್ಡು ಓನರಿಗೆ ಹೋಗಿ, ಓನರ್ ನಿಮಗೆ ಕೊಡಲಿ. ಹೊಸ ಪಾರ್ಟಿಯ ಹತ್ತಿರ ನೀವೇ ನೇರವಾಗಿ ದುಡ್ಡು ಇಸಿದುಕೊಂಡು ಮನೆ ಬಿಟ್ಟುಕೊಡುವ ಕೆಲಸ ಖಂಡಿತ ಬೇಡ. ನಾಳೆ ವ್ಯಾಜ್ಯ ಬಂದರೆ ಮೂರೂ ಮನೆಯವರು ಸಿಕ್ಕಿಹಾಕಿಕೊಳ್ಳುತ್ತೀರಿ. ಮನೆಯಲ್ಲೇ ಇರಬೇಕು ಅಂತಿದ್ದರೆ ಅರ್ಧ ದುಡ್ಡು ಈಗ ವಾಪಸ್ ಕೇಳಿ, ಉಳಿದ ಅವಧಿಗೆ ತಿಂಗಳಿಗೆ ಒಂದಿಷ್ಟು ಬಾಡಿಗೆ ಕಟ್ಟುವುದಾಗಿ ಹೇಳಿ. ನಮ್ಮ ಕಡೆ ಇದಕ್ಕೆ ಒಪ್ಪುವ ಓನರ್‌ಗಳು ಇದ್ದಾರೆ. ಪೂರ್ತಿ 5 ಲಕ್ಷ ಒಮ್ಮೆಲೇ ಹೊಂದಿಸುವುದಕ್ಕಿಂತ ಇದು ಅವರಿಗೂ ಹಗುರ. ಒಪ್ಪಿದರೆ ಹೊಸದಾಗಿ ಪತ್ರ ಬರೆಸಿ.

ಯಾವುದಕ್ಕೂ ಮುಂಚೆ ಆ ಮನೆಯ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ನೋಡಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೂ ಸಿಗುತ್ತದೆ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ನಿಮ್ಮ ದುಡ್ಡಿಗೂ ಅಪಾಯ ಇದೆ, ಆಗ ಇನ್ನೂ ಬೇಗ ಹೊರಬರಬೇಕು. ಹೊರಬರುವ ದಿನ ಮುಂದಿನ ತಾರೀಖಿನ ಚೆಕ್ಕು ತೆಗೆದುಕೊಂಡು ಕೀ ಕೊಡಬೇಡಿ. ಆ 5 ಲಕ್ಷಕ್ಕೆ ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರ ಅಂದರೆ ಆ ಕೀ. ಡಿಡಿ ತೆಗೆದುಕೊಳ್ಳಿ, ಇಲ್ಲವೇ ನಿಮ್ಮ ಖಾತೆಗೆ ದುಡ್ಡು ಬಂದ ಮೆಸೇಜ್ ನೋಡಿ. ಆಮೇಲೆ ಸಾಮಾನು ಹೊರಗಿಡಿ.